ನಾಲ್ಕನೆಯ ಡ್ರಾಯರ್

ನನ್ನ ಹೆಂಡತಿ ಬಣ್ಣ ಹಚ್ಚಿ ಮುಗಿಸದೆ ಹೋದದ್ದು ಒಂದೇ ಒಂದು ಡ್ರಾಯರ್.

ಆಸ್ಟ್ರೇಲಿಯಾದ ಪರ್ತ್‌ನ ಥಾರ್ನ್ಲಿಯಲ್ಲಿ ನಮ್ಮ ಬೀದಿಯವರು ಬೇಡವಾದ ಸಾಮಾನನ್ನು ಕೌನ್ಸಿಲ್‌ನ ಕಸದ ಲಾರಿಗೆಂದು ಮನೆಮುಂದಿನ ಹುಲ್ಲಿನ ಮೇಲೆ ತಂದಿಡುತ್ತಿದ್ದರು. ನಾಲ್ಕು ಡ್ರಾಯರ್‌ಗಳ ಆ ಗಿಡ್ಡ ಮರದ ಬೀರು ಅವಳ ಕಣ್ಣಿಗೆ ಬಿದ್ದದ್ದು ಅಲ್ಲಿ.

“ಯಾರಾದ್ರೂ ಕನ್ನಡದವರು ನೋಡಿದ್ರೆ ಏನಂದ್ಕೋತಾರೆ?” ಎಂದೆ.

“ನೋಡಿದ್ರೆ ಒಂದ್ ಕಡೆ ಹಿಡ್ಕೊಳ್ಳಿ ಅನ್ನಿ. ಭಾರ ಇದೆ ರೀ.”

ಬಣ್ಣವೂ ಯಾರಿಗೋ ಬೇಡವಾದದ್ದೇ. ಬೇರೆಯವರಿಗೆಂದು ಕಲಸುವಾಗ ಬಣ್ಣ ತಪ್ಪಿದ ಡಬ್ಬಿಗಳನ್ನು ಹಾರ್ಡ್‌ವೇರ್ ಅಂಗಡಿಯವರು ಮೂಲೆಯಲ್ಲಿ ಅಗ್ಗಕ್ಕೆ ಇಟ್ಟಿರುತ್ತಾರೆ. ಅವಳು ಆರಿಸಿದ್ದು ನೆರಳಿನಲ್ಲಿ ಒಣಗಿದ ಕರಿಬೇವಿನಂಥ ಹಸಿರು. ಡಬ್ಬಿಯ ಮೇಲೆ ಬಣ್ಣದ ಹೆಸರೇ ಇರಲಿಲ್ಲ.

ಮೇಲಿನ ಮೂರು ಡ್ರಾಯರ್ ಮುಗಿಸಿ, ಕೆಳಗಿನದಕ್ಕೆ ಬಣ್ಣದ ಅಡಿಗೆ ಬಳಿಯುವ ಬಿಳಿ ಪ್ರೈಮರ್ ಹಚ್ಚಿದ ವಾರವೇ ಆಸ್ಪತ್ರೆ ಸೇರಿದಳು. ಅಲ್ಲಿ ಮಲಗಿಕೊಂಡೇ, “ಅದಕ್ಕೆ ಎರಡು ಕೋಟ್ ಹಾಕ್ಬೇಕು. ನೀವು ಅವಸರ ಮಾಡ್ಬಿಡ್ತೀರಿ” ಎಂದಳು. ಮನೆಗೆ ಮರಳಲಿಲ್ಲ.

ಕರ್ಮಗಳು ಮುಗಿದ ಮೇಲೆ ಬ್ರಷ್ ಹುಡುಕಿ ತೆಗೆದೆ. ಮೈಸೂರಿನಿಂದ ಬಂದಿದ್ದ ನನ್ನ ಅಕ್ಕ ತಡೆದಳು.

“ವರ್ಷ ಕಳೆಯೋವರೆಗೂ ಮನೇಲಿ ಸುಣ್ಣಬಣ್ಣ ಮಾಡಬಾರದು ಕಣೋ.”

“ಗೋಡೆಗಲ್ಲ ಅಕ್ಕ, ಒಂದು ಡ್ರಾಯರ್‌ಗೆ.”

“ಬಣ್ಣ ಬಣ್ಣಾನೇ. ಡಬ್ಬೀಲಿರೋದು ಎಲ್ಲಿಗೂ ಓಡಿಹೋಗಲ್ಲ.”

ಡಬ್ಬಿಯನ್ನು ಹಿತ್ತಲಿನ ತಗಡಿನ ಶೆಡ್‌ನಲ್ಲಿಟ್ಟೆ. ವರ್ಷಾಬ್ದಿಕ ಮುಗಿಸಿ ಮುಚ್ಚಳ ಮೀಟಿ ತೆಗೆದಾಗ ಮೇಲೆ ರಬ್ಬರಿನಂಥ ಪದರ, ಅದರ ಕೆಳಗೆ ಗಟ್ಟಿ ಮುದ್ದೆ. ಆ ಶೆಡ್‌ನ ಕಾವಿನಲ್ಲಿ ಅದು ಪರ್ತ್‌ನ ಒಂದು ಬೇಸಿಗೆ ಕಳೆದಿತ್ತು. ಬಿಸಿನೀರು ಹಾಕಿ ಕಲಕಿದೆ. ಕೋಲು ಮುರಿಯಿತು.

ಮೇಲಿನ ಡ್ರಾಯರನ್ನು ಕಾರಿನಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. ಅವರ ಯಂತ್ರ ಅದನ್ನು ನೋಡಿ ಒಂದು ಹಸಿರು ಕಲಸಿಕೊಟ್ಟಿತು. ಅಂಗಡಿಯ ದೀಪದಲ್ಲಿ ಅದೇ ಬಣ್ಣ. ಮನೆಯಲ್ಲಿ ಪ್ರೈಮರ್ ಮೇಲೆ ಅಂಗೈಯಗಲ ಹಚ್ಚಿ ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದರೆ ಬೇರೆ. ನೀಲಿ ಹೆಚ್ಚು.

ಮಗಳು ಬಗ್ಗಿ ನೋಡಿದಳು. “ಇಟ್ಸ್ ಕ್ಲೋಸ್ ಇನಫ್, ಅಪ್ಪ. ಇಲ್ಲಾಂದ್ರೆ ಜಸ್ಟ್ ಪೇಂಟ್ ಆಲ್ ಫೋರ್. ಆಗ ಮ್ಯಾಚ್ ಆಗತ್ತೆ.”

ಅವಳು ಹೇಳಿದ್ದು ಸರಿಯೇ. ಡಬ್ಬಿಯಲ್ಲಿ ನಾಲ್ಕಕ್ಕೂ ಸಾಲುವಷ್ಟು ಬಣ್ಣವಿತ್ತು. ಮೊದಲ ಡ್ರಾಯರನ್ನು ಹಳೇ ಪೇಪರ್ ಮೇಲೆ ಮಲಗಿಸಿ, ಬ್ರಷ್ ಅದ್ದಿದೆ. ಅಡ್ಡ ಬೆಳಕಿನಲ್ಲಿ ಹೆಂಡತಿಯ ಬ್ರಷ್ಷಿನ ಗೆರೆಗಳು ಕಂಡವು. ಎಡದಿಂದ ಬಲಕ್ಕೆ ಎಳೆದವು, ಹಿಡಿಯ ಹತ್ತಿರ ಬಂದಾಗ ಬಳಸಿ ಹೋದವು.

ಬಣ್ಣ ಹಚ್ಚದೆ ಬ್ರಷ್ ತೊಳೆದಿಟ್ಟೆ. ಕೆಳಗಿನದರ ಮೇಲೆ ನಾನು ಹಚ್ಚಿದ್ದನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಬಿಳಿ ಕಾಣುವವರೆಗೆ ತೆಗೆದೆ.

ಆ ಭಾನುವಾರ ಅಕ್ಕ ಫೋನ್ ಮಾಡಿದಳು. “ವರ್ಷ ಆಯ್ತಲ್ಲ, ಇನ್ನು ಆ ಡ್ರಾಯರ್ ಮುಗಿಸ್ಬಿಡು. ಅವಳಿಗೂ ಸಮಾಧಾನ.”

“ಮುಗೀತು ಅಕ್ಕ” ಎಂದೆ.

ಪ್ರೈಮರ್ ಬೇಗ ಕೊಳೆ ಹಿಡಿಯುತ್ತದೆ. ಕೈ ಹಾಕಿ ಎಳೆಯುವ ಜಾಗದಲ್ಲಿ ನಾಲ್ಕನೆಯದರ ಬಿಳಿ ಈಗಾಗಲೇ ಕಪ್ಪಾಗಿದೆ.