ಬರೆಗೂ ನೋಯದ ಕಾಲು

ತಾಂಬಾ ಊರಿನ ನಿಂಬೆಹಣ್ಣನ್ನು ಟೆಂಪೊದಲ್ಲಿ ವಿಜಯಪುರಕ್ಕೆ ಒಯ್ಯುವುದೇ ಕುತುಬುದ್ದೀನನ ಬದುಕು. ಮದುವೆಯಾದ ವರ್ಷ ಹಿಡಿದ ಸ್ಟೇರಿಂಗನ್ನು ಮಗಳು ಕಾಲೇಜು ಸೇರಿದರೂ ಬಿಟ್ಟಿರಲಿಲ್ಲ. ಒಂದು ದಿನ ಹಣ್ಣಿನ ಚೀಲ ಎತ್ತುವಾಗ ಸೊಂಟದಲ್ಲಿ ಚಳಕ್ ಎಂದಿತು. ಅಂದಿನಿಂದ ನೋವು ಬಲತೊಡೆಯ ಹಿಂದೆ ಇಳಿದು, ಮೀನಖಂಡ ದಾಟಿ, ಹೆಬ್ಬೆರಳಿನವರೆಗೆ ಬೆಂಕಿಯ ಎಳೆಯಾಯಿತು. ಕೆಮ್ಮಿದರೂ ಕಣ್ಣಲ್ಲಿ ನೀರು.

"ದವಾಖಾನಿಗೆ ಹೋಗೂಣ್ರಿ," ಎಂದಳು ಹೆಂಡತಿ ಪೀರಬಿ.

"ಡಾಕ್ಟರ್ ಮೊದಲ ಗಾಡಿ ಹೊಡ್ಯೂದು ಬಿಡು ಅಂತಾರ. ಆಮ್ಯಾಲೆ ನಿನ್ನ ಲಟ್ಟಣಿಗಿ ನಡಸ್ಲೇನು?"

ದವಾಖಾನೆಯ ಬದಲು ಅವನು ಮೋರಟಗಿಯ ಚನ್ನಬಸಯ್ಯನ ಬಳಿ ಹೋದ. ಕಾಲುನೋವಿಗೆ ಕಾದ ಕಬ್ಬಿಣದಿಂದ ಬರೆ ಎಳೆಯುವುದು ಆ ಮನೆಯ ಹಳೆಯ ಪದ್ಧತಿ. ಅಯ್ಯ ಪಾದದ ಮೇಲೆ ಕೆಂಪಗೆ ಕಾಸಿದ ಕುಡುಗೋಲಿನ ತುದಿ ಒತ್ತಿದ. ಚರ್ಮ ಚುರ್ ಎಂದಿತು. ಕುತುಬುದ್ದೀನ ಹಲ್ಲು ಕಚ್ಚಿ ಕಾದ. ನೋವು ಬರಲೇ ಇಲ್ಲ.

"ಭಲೇ ಸಾಹೇಬಾ! ಪೈಲ್ವಾನರೂ ಇಲ್ಲಿ ಯವ್ವಾ ಅಂತ ಒದರ್ತಾರ. ನಿನ್ನ ಬ್ಯಾನಿ ಹೋತು ತಿಳಿ!"

ಕೆಲದಿನಗಳಿಂದ ಕಾಲಿನೊಳಗಿನ ಉರಿಯೂ ತಗ್ಗುತ್ತ ಬಂದಿತ್ತು. ಕುತುಬುದ್ದೀನ ಓಣಿಗೆಲ್ಲ ಪೇಢೆ ಹಂಚಿ, ಮರುದಿನವೇ ಟೆಂಪೊ ಏರಿದ. ದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ಪಾದ ಬ್ರೇಕಿಗೆ ಹೋಯಿತೆಂದೇ ಅವನು ನಂಬಿದ್ದ. ಅದು ಎಕ್ಸಲರೇಟರ್ ಮೇಲೆಯೇ ಇತ್ತು. ಗಾಡಿ ಎರಡು ಕುರಿಗಳನ್ನು ಕೊಂದು ತೊಗರಿಹೊಲಕ್ಕೆ ನುಗ್ಗಿ ನಿಂತಿತು.

ಆಮೇಲೆ ಪೀರಬಿ ಅವನ ಮಾತು ಕೇಳಲಿಲ್ಲ. ವಿಜಯಪುರದ ಡಾಕ್ಟರ್ ಭುವನೇಶ್ವರಿ, "ಹೆಬ್ಬೆರಳು ಮ್ಯಾಲೆ ಎತ್ರಿ," ಎಂದರು. ಎತ್ತಿದೆನೆಂದುಕೊಂಡ. ಬೆರಳು ಅಲುಗಿರಲಿಲ್ಲ.

"ಬೆನ್ನೆಲುಬಿನ ನಡುವಿನ ಗಾದಿ ಜರುಗಿ ನರ ಒತ್ತಾಕತ್ತೈತಿ. ಇಷ್ಟು ದಿನ ನರ ಚೀರತಿತ್ತು, ಈಗ ಅದರ ದನಿ ಅಡಗೈತಿ. ನೀವು ಅದನ್ನ ಗುಣ ಅಂದ್ಕೊಂಡ್ರಿ. ಭಾಳ ಮಂದಿಗೆ ಗುಳಿಗಿ, ವ್ಯಾಯಾಮದಾಗ ಕಡಿಮಿ ಆಗ್ತೈತಿ. ಆದ್ರ ಪಾದ ಸೋತ ಮ್ಯಾಲೆ ತಡ ಮಾಡಬಾರದಿತ್ತು. ಆಪರೇಷನ್ ಮಾಡೂಣು. ಪಾದ ತಿರುಗಿ ಬರತೈತಿ ಅಂತ ಮಾತು ಕೊಡಾಕ ಆಗಂಗಿಲ್ಲ."

ಆಪರೇಷನ್ ಆಗಿ ಚಳಿಗಾಲ ಕಳೆಯಿತು. ಸೊಂಟ ನೋಯುತ್ತಿರಲಿಲ್ಲ. ಒಂದು ಸಂಜೆ ಕುತುಬುದ್ದೀನ ಅಂಗಳದಲ್ಲಿ ನಿಂತ ಟೆಂಪೊ ಏರಿ ಕೂತ.

"ಪೀರಬಿ, ಬಗ್ಗಿ ನೋಡು. ಪೆಡಲ್ ಬಿಟ್ಟು ಪಾದ ಎದ್ದೈತೇನು?"

ಅವಳು ಬಾಗಿಲಿಗೆ ಒರಗಿ ಬಹಳ ಹೊತ್ತು ನೋಡಿದಳು. "ಎದ್ದೈತ್ರಿ. ಒಂದೀಟು."

ಅವಳ ದನಿ ಕೇಳಿ ಅವನೂ ಕೆಳಗೆ ನೋಡಿದ. ಪಾದ ನಿದ್ದೆ ಹೋದ ಕೂಸಿನಂತೆ ಪೆಡಲ್ ಮೇಲೆ ಬಿದ್ದಿತ್ತು.

ಕೀಲಿ ತೆಗೆದು ಅವಳ ಅಂಗೈಗಿಟ್ಟ.

"ನನ್ನ ತಮ್ಮ ಯುನೂಸಗ ಕೊಡು. ಮೂರನೇ ಗೇರ್ ಭಾಳ ಹಟ ಮಾಡ್ತೈತಿ, ಸಾವಕಾಶ ಹಾಕು ಅನ್ನು."