ಬಿಗಿ ಮಾಡಬಾರದಾಗಿದ್ದ ಎರಡು ನಟ್ಟುಗಳು

ಸಡಿಲವಾಗಿರುವುದು ಯಾವುದೂ ನನಗೆ ಆಗಿಬರುವುದಿಲ್ಲ. ಮನೆಯವರು ಮುಚ್ಚಿದ ನಲ್ಲಿಯನ್ನು ನಾನು ಇನ್ನೊಮ್ಮೆ ತಿರುಗಿಸಿ ಬರುತ್ತೇನೆ. ನಾನು ಮುಚ್ಚಿದ ಡಬ್ಬಿಯನ್ನು ತೆರೆಯಲು ಗಂಡನನ್ನು ಕರೆಯಬೇಕು. ಗಣಿತ ಟೀಚರಿಗೆ ಇದು ಗುಣವೇ ಹೊರತು ದೋಷವಲ್ಲ ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ.

ಕಳೆದ ವರ್ಷ ನಗರದ ಒಂದು ಇಂಜಿನಿಯರಿಂಗ್ ಕಾಲೇಜಿನವರು ಶಾಲಾ ಮಕ್ಕಳಿಗೆ ಸ್ಪರ್ಧೆ ಇಟ್ಟಿದ್ದರು. ಎಲ್ಲ ತಂಡಗಳಿಗೂ ಒಂದೇ ರೀತಿಯ ಪೆಟ್ಟಿಗೆ. ಅದರೊಳಗೆ ತೂತುಗಳಿರುವ ಪ್ಲಾಸ್ಟಿಕ್ ಪಟ್ಟಿಗಳು, ನಟ್ಟು ಬೋಲ್ಟುಗಳು, ಪುಟ್ಟ ಚಕ್ರಗಳು, ನೂಲು ಮತ್ತು ಒಂದು ಸ್ಪ್ಯಾನರ್. ಇಷ್ಟರಲ್ಲೇ ನಿಮ್ಮ ಊರಿನ ಒಂದು ತೊಂದರೆಗೆ ಪರಿಹಾರ ಕಟ್ಟಿ ತೋರಿಸಬೇಕು, ಸುತ್ತಲಿನ ದೃಶ್ಯಕ್ಕೆ ಬೇಕಾದ ಸಾಮಾನು ಮಾತ್ರ ಹೊರಗಿನಿಂದ ತರಬಹುದು. ವಿಜ್ಞಾನದ ಟೀಚರ್ ಹೆರಿಗೆ ರಜೆಯಲ್ಲಿದ್ದರು, ಹಾಗಾಗಿ ಕೆಲಸ ನನ್ನ ಕೊರಳಿಗೆ ಬಿತ್ತು. ನನಗಾದರೋ ಮನೆಯ ಮಿಕ್ಸಿಯ ಪ್ಲಗ್ ಹಾಕುವಾಗಲೂ ಎದೆ ಡವಡವ ಅನ್ನುತ್ತದೆ.

ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಹೆಸರು ಕೊಟ್ಟರು. ಒಬ್ಬಳು ಬಂದರಿನ ಮೆಣಸಿನ ವ್ಯಾಪಾರಿಯ ಮಗಳು, ಅವಳ ಬಾಯಿಗೆ ಬಿಡುವೆಂಬುದೇ ಇಲ್ಲ. ಇನ್ನೊಬ್ಬಳು ಬೆಂಗ್ರೆಯಿಂದ ದಿನಾ ಫೆರಿಯಲ್ಲಿ ಹೊಳೆ ದಾಟಿ ಬರುವವಳು, ತರಗತಿಯಲ್ಲಿ ಹಾಜರಿ ಕೂಗಿದಾಗ ಮಾತ್ರ ಅವಳ ಸ್ವರ ಕೇಳುತ್ತಿತ್ತು. ಊರಿನ ತೊಂದರೆ ಏನು ಎಂದು ಕೇಳಿದೆ. ಬಂದರಿನವಳು ಬಜಪೆ ದಾರಿಯ ಟ್ರಾಫಿಕ್ಕಿನಿಂದ ಹಿಡಿದು ತಮ್ಮನ ಗೊರಕೆಯವರೆಗೆ ಹತ್ತು ಹೇಳಿದಳು. ಬೆಂಗ್ರೆಯವಳು ಒಂದೇ ಹೇಳಿದಳು.

"ನೀರು ಇಳಿದಾಗ ಬೋಟು ಧಕ್ಕೆಯ ಕಟ್ಟೆಗಿಂತ ಕೆಳಗೆ ಹೋಗ್ತದೆ ಟೀಚರ್. ನನ್ನ ಅಜ್ಜಿ ಮೀನಿನ ಬುಟ್ಟಿ ಹಿಡ್ಕೊಂಡು ಅಲ್ಲಿಂದ ಮೇಲೆ ಹತ್ತಬೇಕು. ಮೊನ್ನೆ ಜಾರಿ ಬಿದ್ದು ಮೊಣಕಾಲಿಗೆ ಪೆಟ್ಟಾಗಿದೆ."

"ಹಾಗಾದರೆ ಒಂದು ಸೇತುವೆ ಕಟ್ಟುವ," ಎಂದೆ ನಾನು.

"ಸೇತುವೆ ಎಲ್ಲ ಬೇಡ. ನೀರು ಇಳಿದ್ರೆ ಇಳಿಯುವ, ಏರಿದ್ರೆ ಏರುವ ಒಂದು ಹಲಗೆ ಉಂಟಾದ್ರೆ ಸಾಕು."

ತೀರ್ಪುಗಾರರಲ್ಲಿ ಧಕ್ಕೆಯ ಕಾಮಗಾರಿ ನೋಡಿಕೊಳ್ಳುವ ಇಂಜಿನಿಯರ್ ಒಬ್ಬರು ಇರುತ್ತಾರೆಂದು ತಿಳಿದ ಮೇಲೆ ಅವಳ ಉತ್ಸಾಹವೇ ಬೇರೆಯಾಯಿತು. ಅವರು ಬರುವುದು ಖಂಡಿತವಾ ಎಂದು ನನ್ನಲ್ಲಿ ಮೂರು ಸಲ ಕೇಳಿದಳು. "ಬಹುಮಾನ ಸಿಗದಿದ್ರೂ ಅಡ್ಡಿ ಇಲ್ಲ ಟೀಚರ್. ಅವರು ಒಮ್ಮೆ ನೋಡ್ಲಿ."

ಸ್ಪರ್ಧೆಯ ದಿನ ಬೆಳಿಗ್ಗೆ ಮಾದರಿ ಕಟ್ಟಲು ಎರಡೂವರೆ ಗಂಟೆ ಸಮಯ ಕೊಟ್ಟಿದ್ದರು. ಶಿಕ್ಷಕರು ಮಾದರಿಗೆ ಕೈ ಹಚ್ಚಬಾರದೆಂದು ಮೈಕಿನಲ್ಲಿ ಎರಡು ಸಲ ಹೇಳಿದರು. ಮಕ್ಕಳು ನೀರು ತುಂಬಿದ ಟಬ್ಬಿನ ಅಂಚಿಗೆ ಧಕ್ಕೆ ಕಟ್ಟಿದರು. ತಿಂಡಿಯ ಡಬ್ಬಿಯೇ ಬೋಟಾಯಿತು. ಹಲಗೆಯ ಮೇಲಿನ ತುದಿ ಎರಡು ಬೋಲ್ಟುಗಳಲ್ಲಿ ಧಕ್ಕೆಗೆ ಸಿಕ್ಕಿಕೊಂಡಿತ್ತು, ಕೆಳಗಿನ ತುದಿ ಚಕ್ರಗಳ ಮೇಲೆ ಬೋಟಿನಲ್ಲಿ ಕೂತಿತ್ತು. ನೂಲಿನಿಂದ ಮೇಲಕ್ಕೆಳೆಯುವ ಚಕ್ರದ ಗಾಡಿಯೊಂದರ ಮೇಲೆ ಬಟ್ಟೆಯ ಅಜ್ಜಿ, ತಲೆಯ ಮೇಲೆ ಸೋಡಾ ಬಾಟಲಿಯ ಮುಚ್ಚಳದ ಬುಟ್ಟಿ. ಅಷ್ಟು ಚಂದದ ಅಜ್ಜಿಯನ್ನು ನಾನು ನೋಡಿರಲಿಲ್ಲ.

ತೀರ್ಪುಗಾರರು ಬರುವ ಮೊದಲು ಇಬ್ಬರೂ ಕೈ ತೊಳೆಯಲು ಹೋದರು. ನಾನು ಒಬ್ಬಳೇ ಉಳಿದೆ. ಆಗ ಕಂಡಿತು, ಹಲಗೆಯ ಎರಡೂ ನಟ್ಟುಗಳು ಲೊಡಲೊಡ ಅನ್ನುತ್ತಿದ್ದವು. ಅಯ್ಯೋ ಮಕ್ಕಳೇ, ಇಷ್ಟೆಲ್ಲ ಮಾಡಿ ಇದನ್ನೇ ಮರೆತಿರಲ್ಲ ಎಂದುಕೊಂಡೆ. ನಿಯಮ ನೆನಪಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಸ್ಪ್ಯಾನರ್ ಅಷ್ಟರಲ್ಲಿ ನನ್ನ ಕೈಯಲ್ಲಿತ್ತು. ಎರಡನ್ನೂ ಗಟ್ಟಿಯಾಗಿ ತಿರುಗಿಸಿ, ಒಳ್ಳೆಯ ಕೆಲಸ ಮಾಡಿದೆನೆಂದು ಸೀರೆ ಸರಿಪಡಿಸಿಕೊಂಡು ನಿಂತೆ.

ತೀರ್ಪುಗಾರರು ಬಂದರು. ಬಂದರಿನವಳು ನಿರರ್ಗಳವಾಗಿ ವಿವರಿಸಿದಳು. ಬೆಂಗ್ರೆಯವಳು ಟಬ್ಬಿನ ನೀರನ್ನು ಪೈಪಿನಿಂದ ಬಕೆಟ್ಟಿಗೆ ಬಿಟ್ಟಳು. ಬೋಟು ಇಳಿಯಿತು. ಹಲಗೆ ಇಳಿಯಲಿಲ್ಲ. ಅದು ಗಾಳಿಯಲ್ಲಿ ಸೆಟೆದು ನಿಂತಿತು. ನೂಲು ಎಳೆದಾಗ ಅಜ್ಜಿ ಬೋಟಿನಲ್ಲೇ ಮುಗ್ಗರಿಸಿ ಬುಟ್ಟಿಯ ಸಮೇತ ನೀರಿಗೆ ಬಿದ್ದಳು. ಪಕ್ಕದ ಮೇಜಿನವರು ನಕ್ಕರು. ಇಂಜಿನಿಯರ್ ಕಾಗದದಲ್ಲಿ ಏನೋ ಗೀಚಿ ಮುಂದಿನ ಮೇಜಿನತ್ತ ತಿರುಗಿದರು.

"ಎಂತ ಆಯ್ತು ಮಾರಾಯ್ತಿ? ಈಗ ಸರಿ ಇತ್ತಲ್ಲ!" ಎಂದಳು ಬಂದರಿನವಳು.

ಬೆಂಗ್ರೆಯವಳು ಒದ್ದೆ ಅಜ್ಜಿಯನ್ನು ಹಿಡಿದುಕೊಂಡು ನಿಂತಿದ್ದಳು. "ನನ್ನದೇ ತಪ್ಪು. ನನ್ನ ಲೆಕ್ಕಾಚಾರವೇ ಸರಿ ಇಲ್ಲ," ಎಂದಳು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ತಂಡವನ್ನೇ ಹೊರಗೆ ಹಾಕಬಹುದಿತ್ತು. ಆದರೆ ಆ ಹುಡುಗಿ ನನ್ನ ಕೈಯ ತಪ್ಪನ್ನು ತನ್ನ ತಲೆಯದೆಂದು ಹೊತ್ತುಕೊಂಡು ಮನೆಗೆ ಹೋಗುವುದನ್ನು ನೋಡಲು ನನ್ನಿಂದಾಗಲಿಲ್ಲ. "ಸರ್, ನಿಲ್ಲಿ!" ಎಂದು ತರಗತಿಯಲ್ಲಿ ಕೂಗುವ ಸ್ವರದಲ್ಲೇ ಕೂಗಿದೆ. "ನಟ್ಟು ಬಿಗಿ ಮಾಡಿದ್ದು ನಾನು. ಮಕ್ಕಳದ್ದು ಏನೂ ತಪ್ಪಿಲ್ಲ."

ತೀರ್ಪುಗಾರರು ಗುಸುಗುಸು ಮಾತಾಡಿಕೊಂಡರು. ಅಂಕ ಕಡಿತ ಮಾಡುತ್ತೇವೆ, ಬಹುಮಾನದ ಆಸೆ ಬೇಡ, ಆದರೆ ಇನ್ನೊಮ್ಮೆ ಮಾಡಿ ತೋರಿಸಬಹುದು ಎಂದರು. ಇಂಜಿನಿಯರ್ ಕನ್ನಡಕ ಏರಿಸಿ ನನ್ನನ್ನು ನೋಡಿ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬೆಂಗ್ರೆಯವಳು ಟಬ್ಬಿಗೆ ಮತ್ತೆ ನೀರು ತುಂಬಿಸಿ ಸ್ಪ್ಯಾನರ್ ಎತ್ತಿಕೊಂಡಳು. ನಂತರ ನನ್ನತ್ತ ತಿರುಗಿ, ಇಡೀ ವರ್ಷದಲ್ಲಿ ಮೊದಲ ಸಲ ಎಲ್ಲರಿಗೂ ಕೇಳುವಂತೆ ಹೇಳಿದಳು: "ಟೀಚರ್, ನೀವು ಕೈ ಹಿಂದೆ ಕಟ್ಟಿ ನಿಲ್ಲಿ. ನಾನು ಹೇಳುವವರೆಗೆ ಬಿಡ್ಬಾರ್ದು."

ಸಭಾಂಗಣ ನಗೆಯಿಂದ ತುಂಬಿಹೋಯಿತು. ನಾನು ಕೈ ಹಿಂದೆ ಕಟ್ಟಿ ನಿಂತೆ.

ನಟ್ಟುಗಳನ್ನು ಅವಳು ಸಡಿಲಿಸಿದಳು. ನೀರು ಇಳಿಯಿತು, ಬೋಟು ಇಳಿಯಿತು, ಜೊತೆಗೆ ಹಲಗೆಯೂ ಮೆಲ್ಲಗೆ ಬಾಗಿತು. ಒದ್ದೆ ಅಜ್ಜಿ ಬುಟ್ಟಿ ಹೊತ್ತು ಯಾವ ಕಡೆಗೂ ವಾಲದೆ ಧಕ್ಕೆಗೆ ಹತ್ತಿದಳು. ಇಂಜಿನಿಯರ್ ನೆಲಕ್ಕೆ ಮೊಣಕಾಲೂರಿ ಹಲಗೆಯನ್ನು ಬೆರಳಿನಿಂದ ಒತ್ತಿ ನೋಡಿದರು. "ಅಲ್ಲಿ ಇಳಿತದಲ್ಲಿ ಬೋಟು ಎಷ್ಟು ಕೆಳಗೆ ಹೋಗ್ತದೆ ಮಗಾ?" ಎಂದು ಕೇಳಿದರು. ಅವಳು ಹೇಳತೊಡಗಿದಳು. ಅಮಾವಾಸ್ಯೆಗೆ ಎಷ್ಟು, ಮಳೆಗಾಲದಲ್ಲಿ ಎಷ್ಟು, ಬುಟ್ಟಿ ಹೊತ್ತವರ ಕಾಲು ಎಲ್ಲಿ ಜಾರುತ್ತದೆ, ಎಲ್ಲವನ್ನೂ. ಬಂದರಿನವಳೇ ಬಾಯಿ ಮುಚ್ಚಿ ಕೇಳುತ್ತಿದ್ದಳು. ಇಂಜಿನಿಯರ್ ಬರೆದುಕೊಳ್ಳುತ್ತಿದ್ದರು.

ಸುತ್ತಲಿನವರೆಲ್ಲ ಚಪ್ಪಾಳೆ ತಟ್ಟಿದರು. ನನಗೂ ತಟ್ಟಬೇಕೆನಿಸಿತು, ಅದಕ್ಕಿಂತ ಮೊದಲು ಕಣ್ಣು ಒರೆಸಿಕೊಳ್ಳಬೇಕಿತ್ತು. ಎರಡೂ ಆಗಲಿಲ್ಲ. ಕೈ ಬಿಡಿ ಎಂದು ಅವಳು ಇನ್ನೂ ಹೇಳಿರಲಿಲ್ಲ.