ಸ್ಕ್ರೂಡ್ರೈವರ್ ಕಚ್ಚಿಕೊಂಡ ಮಾಳಪ್ಪ

ಹಲ್ಲಿನಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡೇ ಸ್ಪಷ್ಟವಾಗಿ ಬೈಯಬಲ್ಲವನನ್ನು ನಾನು ಕಂಡದ್ದು ಒಬ್ಬನನ್ನೇ, ಜಮಖಂಡಿಯಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದ ಮಾಳಪ್ಪನನ್ನು. ಎರಡೂ ಕೈ ಪೆಟ್ಟಿಗೆಯೊಳಗೆ, ಬಾಯಿ ಗಿರಾಕಿಯ ಮೇಲೆ. "ಧೂಳಾ ನೋಡ ಇದರಾಗ! ಕಂಪ್ಯೂಟರ್ ಇಟಗೊಂಡೀರೋ, ಹಿಟ್ಟಿನ ಗಿರಣಿ ಇಟಗೊಂಡೀರೋ?" ಎನ್ನುವನು. ಮುಧೋಳದಿಂದ, ಬನಹಟ್ಟಿಯಿಂದ ಜನ ಬಸ್ಸಿನಲ್ಲಿ ಪೆಟ್ಟಿಗೆ ಹೊತ್ತು ಬಂದು ಅವನಿಂದ ಬೈಸಿಕೊಂಡು ಹೋಗುತ್ತಿದ್ದರು. ಅವನಿಗೆ ಕೆಲಸ ಬರುತ್ತಿತ್ತು, ಅದಕ್ಕೆ ತಡೆದುಕೊಳ್ಳುತ್ತಿದ್ದರು. ನಾನು ತಡೆದುಕೊಳ್ಳುವ ಪೈಕಿಯವಳಲ್ಲ.

ಕೋರ್ಟಿನೆದುರು ಬೇವಿನ ಮರದ ಪಕ್ಕದ ಸಣ್ಣ ಖೋಲಿಯಲ್ಲಿ ನಾನು ಅರ್ಜಿ, ಅಫಿಡವಿಟ್ ಟೈಪ್ ಮಾಡಿಕೊಡುತ್ತಿದ್ದೆ. ಆಗಿನ್ನೂ ಆ ಸಾಲಿನಲ್ಲೆಲ್ಲ ಟೈಪ್‌ರೈಟರುಗಳೇ. ಮೊದಲು ಕಂಪ್ಯೂಟರ್ ತಂದವಳು ನಾನು. ಹಳೇ ಮಷಿನ್ ಮಾರಿಯೇ ತಂದದ್ದು. ಹೊಸದು ನಡೆಯದಿದ್ದರೆ ಕೈಯಲ್ಲಿ ಬೇರೆ ಕಸುಬಿಲ್ಲ ಎಂದು ಗೊತ್ತಿದ್ದೇ ತಂದೆ.

ಮಾಳಪ್ಪನದೊಂದು ಪದ್ಧತಿಯಿತ್ತು. ಅವರ ಮನೆದೇವರು ಬೀರೇಶ್ವರ. ಹೊಸ ಪೆಟ್ಟಿಗೆ ಗಿರಾಕಿಗೆ ಒಪ್ಪಿಸುವಾಗ ಕಾಯಿ ಒಡೆದು, ದೇವರ ಅರಿಶಿನವಾದ ಭಂಡಾರವನ್ನು ಕಾಯಿಯ ನೀರಿನಲ್ಲಿ ಕಲಸಿ, ಚಾಲೂ ಮಾಡುವ ಗುಂಡಿಗೆ ಹೆಬ್ಬೆರಳಿನಿಂದ ದಪ್ಪಗೆ ಹಚ್ಚುವನು. ನನ್ನ ಪೆಟ್ಟಿಗೆಗೂ ಹಚ್ಚಿಕೊಟ್ಟ. ಆಮೇಲೆ ಪಾಠ ಹೇಳಿದ. "ಇದು ಹೊಸಾ ಮಾದರಿ ಪೆಟಿಗಿ ಐತ್ರಿ ಅಕ್ಕಾರ. ಹಿಂದಿನ ಪೆಟಿಗಿಗಳಂಗ ಖಟ್ ಅಂತ ಒತ್ತೂ ಗುಂಡಿ ಅಲ್ಲ. ಮುಟ್ಟಿ ಬಿಡಬೇಕು. ಒತ್ತಿ ಹಿಡಕೊಂಡ್ರ ಬಂದ್ ಆಗಿಬಿಡತೈತಿ."

ಆ ದಿನ ಚೆನ್ನಾಗಿಯೇ ನಡೆಯಿತು. ಮರುದಿನ ಬೆಳಿಗ್ಗೆ ಗುಂಡಿ ಮುಟ್ಟಿದರೆ ಫ್ಯಾನ್ ತಿರುಗಿತು, ದೀಪ ಹತ್ತಿತು, ಪರದೆ ಬೆಳಗುವ ಮೊದಲೇ ಎಲ್ಲ ಆರಿಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿದೆ. ಅದೇ ಕತೆ.

ಮಾಳಪ್ಪ ಬಂದವನೇ ನನ್ನ ಗೋಡೆಯನ್ನು ಬೈದ. "ವೈರಿಂಗ್ ಏನ ನಿಮ್ಮ ಅಜ್ಜನ ಕಾಲದ್ದೇನ್ರಿ?" ಪಕ್ಕದ ಖೋಲಿಯಿಂದ ಕರೆಂಟ್ ಎಳೆಸಿದ. ಆಗಲಿಲ್ಲ. ಪವರ್ ಸಪ್ಲೈ ಬದಲಿಸಿದ, ರ‍್ಯಾಮ್ ಕಿತ್ತು ಒರೆಸಿ ಕೂಡಿಸಿದ. ಆಗಲಿಲ್ಲ. ಕೊನೆಗೆ ನನ್ನ ಬೆರಳು ಹಿಡಿದ. "ಟೈಪರೈಟರ್ ಕುಟ್ಟೂ ಕೈ ಇದು. ಒತ್ತಿ ಹಿಡೀತೀರಿ ನೀವು."

"ಮುಟ್ಟಿ ಬಿಟ್ಟೇನಿ. ಕುಣೀಲಾರದಾಕಿ ನೆಲಾ ಡೊಂಕ ಅಂದಿದ್ಲಂತ, ಹಂಗಾತು ನಿನ್ನ ಕತಿ" ಎಂದೆ.

ಅವನಿಗೆ ಉರಿದುಹೋಯಿತು. ಗುಂಡಿಯಿಂದ ಬರುವ ವೈರನ್ನೇ ಕಿತ್ತುಹಾಕಿ, ಅದು ಕೂಡುವ ಒಳಗಿನ ಬೋರ್ಡಿನ ಎರಡು ಮುಳ್ಳುಗಳಿಗೆ ಸ್ಕ್ರೂಡ್ರೈವರಿನ ತುದಿ ಸೋಕಿಸಿದ. ಕಂಪ್ಯೂಟರ್ ಚಾಲೂ ಆಯಿತು. ಆರಲೇ ಇಲ್ಲ. ಅವನು ಎದ್ದು ಬಾಗಿಲಿಗೆ ಹೋಗಿ, ಮರದ ಕೆಳಗಿದ್ದ ವಕೀಲರಿಗೂ ಪಕ್ಷಗಾರರಿಗೂ ಕೇಳುವ ಹಾಗೆ ಕೂಗಿದ. "ನೋಡ್ರಿಪಾ, ನಾ ಹಚ್ಚಿದ್ರ ಚಾಲೂ ಇರತೈತಿ, ಅಕ್ಕಾರ ಹಚ್ಚಿದ್ರ ಬಂದ್ ಆಗತೈತಿ. ಮಷಿನ್ ಛಲೋ ಐತಿ. ಕೈಗುಣ ಛಲೋ ಇಲ್ಲ." ಆಮೇಲೆ ಕಂಪ್ಯೂಟರ್ ಬಂದ್ ಮಾಡಿ, ವೈರ್ ಮತ್ತೆ ಸಿಕ್ಕಿಸಿ, ಮುಚ್ಚಳ ಹಾಕಿ ಹೊರಟುಹೋದ.

ನಮ್ಮ ಕಡೆ ಕೈಗುಣ ಎಂಬ ಮಾತು ಸಣ್ಣದಲ್ಲ. ಕೇಸು ಗೆಲ್ಲಬೇಕೆಂದು ಬಂದವನು ಕೈಗುಣ ಕೆಟ್ಟವಳಿಂದ ಅರ್ಜಿ ಬರೆಸುತ್ತಾನೆಯೇ? ಮಧ್ಯಾಹ್ನದೊಳಗೆ ನನ್ನ ಕಾಯಂ ಗಿರಾಕಿಗಳು ಮುಖ ತಪ್ಪಿಸಿ ಆಚೆಯವರ ಬಳಿ ನಿಂತಿದ್ದರು. ನನ್ನ ಹಳೇ ಟೈಪ್‌ರೈಟರ್ ಕೊಂಡವನೇ ಅವರಿಗೆ ಟೈಪ್ ಮಾಡಿ ಕೊಡುತ್ತಿದ್ದ. ಆ ಟಕಟಕ ಸದ್ದು ನನ್ನ ಮಷಿನ್ನಿನದೆಂದು ನನಗೆ ಗೊತ್ತಾಗುತ್ತಿತ್ತು.

ಸಿಟ್ಟಿನಲ್ಲಿ ಗುಂಡಿಯನ್ನು ಮತ್ತೆ ಮುಟ್ಟಿದೆ, ಈ ಸಲ ಕಣ್ಣು ತೆಗೆಯದೆ. ಬೆರಳು ಮೇಲೆ ಬಂತು. ಗುಂಡಿ ಬರಲಿಲ್ಲ. ಕಂಪ್ಯೂಟರ್ ಆರಿದ ಮೇಲೆ ಗುಂಡಿ ಸೋಮಾರಿಯ ಹಾಗೆ ನಿಧಾನಕ್ಕೆ ಎದ್ದಿತು. ಅಂಟು ಹಿಡಿದ ಟೈಪ್‌ರೈಟರ್ ಕೀಲಿ ಹೀಗೇ ಏಳುತ್ತದೆ. ಎಷ್ಟು ವರ್ಷ ಟೈಪ್ ಮಾಡಿದವಳು ನಾನು! ಗುಂಡಿಯ ಸುತ್ತ ಭಂಡಾರ ಒಣಗಿ ಗಟ್ಟಿಯಾಗಿತ್ತು. ನಾನು ಬಿಟ್ಟರೂ ಅದು ಒತ್ತಿ ಹಿಡಿಯುತ್ತಿತ್ತು. ಸ್ಪಿರಿಟ್‌ನಲ್ಲಿ ಬಟ್ಟೆ ಅದ್ದಿ ತಿಕ್ಕಿದೆ. ಮುಟ್ಟಿದೆ. ಪರದೆ ಬೆಳಗಿತು, ಸಂಜೆಯವರೆಗೂ ಆರಲಿಲ್ಲ.

ಸುಮ್ಮನಿರಬಹುದಿತ್ತು. ನಾನು ಮಾಳಪ್ಪನನ್ನು ಕರೆಸಿ, ಅದೇ ಮರದ ಕೆಳಗೆ, ಅದೇ ಜನರ ಮುಂದೆ ಹಳದಿಯಾದ ಬಟ್ಟೆ ತೋರಿಸಿದೆ. "ಯಾರ ಕೈಗುಣ ಅಂತ ಈಗ ಹೇಳು."

ಅವನು ಬಟ್ಟೆಯನ್ನು ನೋಡಿದ, ತನ್ನ ಹೆಬ್ಬೆರಳನ್ನು ನೋಡಿಕೊಂಡ. ಒಂದು ಕ್ಷಣ ಒಪ್ಪುತ್ತಾನೆ ಅನಿಸಿತು. "ಭಂಡಾರಕ್ಕ ಬೆರಳ ಮಾಡ್ತೀ? ದೇವರ ಮ್ಯಾಲ ತಪ್ಪ ಹೊರಸೂ ಮಂದಿ ಕೆಲಸಾ ನಾ ಮಾಡಂಗಿಲ್ಲ!"

"ದೇವರಿಗಲ್ಲೋ, ನಿನಗ ಅನ್ನಾಕತ್ತೇನಿ!" ಎಂದು ಕೂಗಿದೆ. ಅಷ್ಟರಲ್ಲಿ ಸೈಕಲ್ ಹತ್ತಿದ್ದ.

ಕಂಪ್ಯೂಟರ್ ನಡೆಯಿತು, ಗಿರಾಕಿಗಳು ಒಬ್ಬೊಬ್ಬರೇ ಮರಳಿದರು. ಆದರೆ ಕೈಗುಣದ ಮಾತು ಆಗಾಗ ಕಿವಿಗೆ ಬೀಳುತ್ತಲೇ ಇತ್ತು. ಆಡಿದವನೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಿತ್ತು. ಚಹಾದಂಗಡಿಯಲ್ಲಿ ಎದುರಾದರೆ ಅವನು ಮುಖ ತಿರುಗಿಸುವನು, ನಾನೂ ತಿರುಗಿಸುವೆ. ವರ್ಷಗಟ್ಟಲೆ ಹೀಗೇ ನಡೆಯಿತು. ಇವತ್ತಲ್ಲ ನಾಳೆ ಬಾಯಿಬಿಡುತ್ತಾನೆ ಎಂದು ನಾನು ಕಾದದ್ದು ಮಾತ್ರ ನಿಜ.

ಅವನು ತೀರಿಕೊಂಡ ಸುದ್ದಿ ಬಂದಾಗ ಅಳು ಬರಲಿಲ್ಲ. ಸಿಟ್ಟೇ ಬಂತು. ಹೇಳದೇ ಹೋದನಲ್ಲ! ಕೆಲವು ದಿನ ಕಳೆದು, ಲೋಕರೂಢಿಯೆಂದು ಅವನ ಹೆಂಡತಿಯನ್ನು ಮಾತಾಡಿಸಿ ಬರಲು ಹೋದೆ. ಪಡಸಾಲೆಯಲ್ಲಿ ಅವನು ಜೋಡಿಸಿಟ್ಟ ಪೆಟ್ಟಿಗೆಗಳು ಗಿರಾಕಿಗಳಿಗಾಗಿ ಕಾಯುತ್ತಿದ್ದವು. ಒಂದೊಂದಕ್ಕೂ ಭಂಡಾರವಿತ್ತು. ನೆತ್ತಿಯ ಮೇಲೆ, ಹಿಂದಿನ ಮೂಲೆಯಲ್ಲಿ. ಗುಂಡಿಗಳೆಲ್ಲ ಸ್ವಚ್ಛ.

"ಇಲ್ಲ್ಯಾಕ ಹಚ್ಚ್ಯಾರ?" ಎಂದೆ.

"ಎಷ್ಟೋ ವರ್ಷಾತ್ರಿ, ನಿಮ್ಮ ಜೋಡಿ ಜಗಳಾ ಆದ ದಿನದಿಂದ ಗುಂಡಿಗೆ ಹಚ್ಚತಿದ್ದಿಲ್ರಿ. ಯಾಕ ಅಂತ ಕೇಳಿದ್ರ ನನಗ ಬೈತಿದ್ರು."

ನನಗೆ ತಡೆಯಲಾಗಲಿಲ್ಲ. "ಪೆಟಿಗಿಗೊಳ ಮುಂದ ಒಪ್ಪಗೊಂಡಾನ, ನನ್ನ ಮುಂದ ಒಪ್ಪಗೊಳ್ಳಾಕ ಏನಾಗಿತ್ತು ಇವಗ? ಹಟಮಾರಿ! ಮೂಳ!" ಸತ್ತವನ ಮನೆ, ಎದುರಿಗೆ ಹೆಂಡತಿ. ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕಡೆ ಚಹಾದ ಕಪ್ಪು ಸರಿಸಿದಳು.

"ಬೈರಿ ಅಕ್ಕಾರ, ಬೈರಿ. ಈ ಮನ್ಯಾಗ ಬೈಗುಳ ಕೇಳದ ಭಾಳ ದಿನಾ ಆತು."